ಒಂದೇ ಮನೆಯ ಇಬ್ಬರು ಅಭ್ಯರ್ಥಿಗಳು

“ಹಲ್ಲುನೋವು, ಡಾಕ್ಟರ ಹತ್ತಿರ ಹೋಗಿಬರ್ತೀನಿ” ಎಂದು ಮಾವನಿಗೆ ಹೇಳಿ ಅತ್ತಿಗೆ ಮನೆಯಿಂದ ಹೊರಬಿದ್ದಳು. ಹಲ್ಲೆಲ್ಲ ಗಟ್ಟಿಮುಟ್ಟಾಗಿಯೇ ಇದ್ದವು. ಅವಳು ಹೊರಟಿದ್ದು ರೈಲು ನಿಲ್ದಾಣದ ಎದುರಿನ ಕಾಫಿ ಅಂಗಡಿಗೆ. ಅಲ್ಲಿ ಕೌಂಟರಿನಲ್ಲಿ ನಿಂತು ಗಿರಾಕಿಗಳನ್ನು ನೋಡಿಕೊಳ್ಳುವ ಒಂದು ಕೆಲಸ ಖಾಲಿ ಇತ್ತು, ಇವತ್ತು ಸಂದರ್ಶನಕ್ಕೆ ಕರೆದಿದ್ದರು.

ನಿಜ ಹೇಳಿದ್ದರೆ ಮನೆಯಲ್ಲಿ ಯಾರೂ ಅಡ್ಡಗಾಲು ಹಾಕುತ್ತಿರಲಿಲ್ಲ. ಆದರೆ ಕೆಲಸ ಸಿಗದೇ ಹೋದರೆ? ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಒಳ್ಳೆಯವನೇ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. “ಏನು, ಲಿಫ್ಟು ಮೇಲೇ ಏರಲಿಲ್ವಾ?” ಎಂದು ತಿಂಗಳುಗಟ್ಟಲೆ ಕಿಚಾಯಿಸುತ್ತಾನೆ. ಮದುವೆಯಾದ ಹೊಸದರಲ್ಲಿ ಅವಳು ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೂತು ಕೆಲಸ ಮಾಡಿದವಳು. ಮಗಳು ಹುಟ್ಟಿದಳು, ಆಮೇಲೆ ಮಾವ ಜಾರಿ ಬಿದ್ದು ಸೊಂಟ ಮುರಿದುಕೊಂಡರು, ಕಿಟಕಿಯ ಕೆಲಸ ಹಾಗೇ ಕೈಬಿಟ್ಟುಹೋಯಿತು. ಈಗ ಮಗಳು ಹಾಸ್ಟೆಲಿನಲ್ಲಿದ್ದಾಳೆ. ಮಾವ ಕೋಲು ಊರಿಕೊಂಡು ಬೀದಿ ಸುತ್ತಿ, ಯಾರ ಮನೆಯಲ್ಲಿ ಏನು ನಡೆಯಿತು ಎಂಬುದನ್ನೆಲ್ಲ ಹೊತ್ತು ತರುತ್ತಾರೆ. ಮನೆಯೊಳಗೆ ಅತ್ತಿಗೆಗೆ ಉಸಿರುಕಟ್ಟಿದಂತಾಗುತ್ತಿತ್ತು.

ಅಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳು ಹಾವು ತುಳಿದವಳಂತೆ ಬೆಚ್ಚಿ ನಿಂತಳು. ಗೋಡೆಬದಿಯ ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತೊಡೆಯ ಮೇಲೆ ಫೈಲು ಇಟ್ಟುಕೊಂಡು ಅವಳ ನಾದಿನಿ ಕೂತಿದ್ದಳು.

ನಾದಿನಿ ಅಂದರೆ ಗಂಡನ ತಂಗಿ, ಅದೇ ಮನೆಯವಳು. ಅವಳು ಕೆಲಸಕ್ಕಿದ್ದ ಚಪ್ಪಲಿ ಅಂಗಡಿ ಹೋದ ವರ್ಷ ಮುಚ್ಚಿಹೋಗಿತ್ತು. ಅಂದಿನಿಂದ ಹೊತ್ತು ಮೇಲೆ ಬಂದಮೇಲೆ ಏಳುವುದು, ಫೋನು ನೋಡುವುದು, ಅತ್ತಿಗೆ ಮಾಡಿಟ್ಟದ್ದನ್ನು ತಿಂದು ತಟ್ಟೆಯನ್ನು ಅಲ್ಲೇ ಬಿಡುವುದು. ಬೆಳಗ್ಗೆ ‘ಗೆಳತಿಯ ಮನೆಗೆ’ ಎಂದು ಹೇಳಿ ಹೊರಟಿದ್ದಳು.

“ಅತ್ತಿಗೆ? ಹಲ್ಲು?” ಎಂದಳು ನಾದಿನಿ.

“ನಿನ್ನ ಗೆಳತಿ ಎಲ್ಲಿ?” ಎಂದಳು ಅತ್ತಿಗೆ.

ಇಬ್ಬರೂ ಬೆಂಚಿನ ಎರಡು ತುದಿಗೆ ಕೂತರು. ನಾದಿನಿ, ಮುಂದಿನ ಗೋಡೆ ನೋಡುತ್ತಲೇ, “ಇರೋದು ಒಂದೇ ಕೆಲಸ” ಎಂದಳು.

“ಜಾಹೀರಾತು ನನಗೂ ಓದೋಕೆ ಬರುತ್ತೆ” ಎಂದಳು ಅತ್ತಿಗೆ.

ಎದ್ದು ಹೋಗಿಬಿಡಲೇ ಎಂದು ಅವಳಿಗೆ ಅನ್ನಿಸದೇ ಇರಲಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವಳು, ಕೆಲಸ ಕಳೆದುಕೊಂಡವಳು. ಹೋಗಲಿ ಪಾಪ ಎನ್ನುವುದು ನಾಲಿಗೆಯ ತುದಿಯವರೆಗೂ ಬಂತು. ಆದರೆ ಇಷ್ಟು ವರ್ಷ ಹೋಗಲಿ ಹೋಗಲಿ ಎಂದೇ ಎಲ್ಲವೂ ಹೋಗಿತ್ತಲ್ಲ. ಅವಳು ಬೆಂಚಿಗೆ ಗಟ್ಟಿಯಾಗಿ ಆತು ಕೂತಳು.

ಒಳಗಿನಿಂದ ಮ್ಯಾನೇಜರ್ ಬಂದ. ಕೂದಲನ್ನು ಹಿಂದೆ ಜುಟ್ಟು ಕಟ್ಟಿದ್ದ ಹುಡುಗುಮುಖದವನು. ಮೆಷಿನ್ನಿನ ಹಬೆ ತಾಗಿ ಸುಟ್ಟ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದ. ನಿದ್ದೆಗೆಟ್ಟ ಕಣ್ಣು. “ಉಳಿದವರು ಯಾರೂ ಬಂದ ಹಾಗಿಲ್ಲ. ಇಬ್ಬರೂ ಒಟ್ಟಿಗೇ ಬನ್ನಿ, ನನಗೂ ಹೊತ್ತು ಉಳಿಯುತ್ತೆ” ಎಂದ.

ಒಳಗೆ ಹಾಲಿನ ಡಬ್ಬಗಳು, ಕಾಗದದ ಲೋಟಗಳ ಕಟ್ಟುಗಳ ನಡುವೆ ಒಂದು ಸಣ್ಣ ಮೇಜು. ಅತ್ತಿಗೆಯನ್ನು ಕೇಳಿದ: “ಬಸ್ ನಿಲ್ದಾಣದ ಕೆಲಸ ಬಿಟ್ಟು ತುಂಬಾ ವರ್ಷ ಆಗಿದೆಯಲ್ಲ ಮೇಡಂ. ಅಲ್ಲಿಂದ ಇಲ್ಲೀವರೆಗೆ ಏನು ಮಾಡ್ತಿದ್ರಿ?”

“ಮನೆ ನೋಡ್ಕೊಳ್ತಿದ್ದೆ.”

ಅವನು ತಲೆಯಾಡಿಸಿದ. ನಾದಿನಿಯನ್ನು ಕೇಳಿದಾಗ ಅವಳು ಚಪ್ಪಲಿ ಅಂಗಡಿಯ ಕಥೆಯನ್ನು ಪಟಪಟ ಹೇಳಿದಳು. ಗಿರಾಕಿಗೆ ಹಿಡಿಯದ ಜೋಡನ್ನು ಹಿಡಿಯುತ್ತೆ ಎಂದು ತಾನು ಯಾವತ್ತೂ ಮಾರಿದವಳಲ್ಲ ಎಂದಳು. ಮನೆಯಲ್ಲಿ ಅವಳು ಇಷ್ಟು ಉದ್ದ ಮಾತಾಡಿದ್ದನ್ನು ಅತ್ತಿಗೆ ಕೇಳಿರಲೇ ಇಲ್ಲ.

“ಸರಿ, ಈಗ ಒಂದು ಸಣ್ಣ ನಾಟಕ” ಎಂದ ಮ್ಯಾನೇಜರ್. ನಾದಿನಿಯ ಕೈಗೆ ಖಾಲಿ ಲೋಟ ಕೊಟ್ಟ. “ನೀವು ಸಿಟ್ಟಿಗೆದ್ದ ಗಿರಾಕಿ. ಇವರು ಕೌಂಟರಿನವರು. ಶುರು ಮಾಡಿ.”

ನಾದಿನಿ ಲೋಟವನ್ನು ಒಂದು ಗಳಿಗೆ ತಿರುಗಿಸಿ ನೋಡಿದಳು. “ನಾನು ಕೇಳಿದ್ದು ಸಕ್ಕರೆ ಇಲ್ಲದ ಕಾಫಿ. ಇದರಲ್ಲಿ ಸಕ್ಕರೆ ಇದೆ.”

“ಕ್ಷಮಿಸಿ, ಬೇರೆ ಮಾಡಿಕೊಡ್ತೀನಿ” ಎಂದಳು ಅತ್ತಿಗೆ.

“ಪ್ರತಿ ಸಲ ಇದೇ ಆಯ್ತು. ಬೇಡ ಬೇಡ ಅಂತ ಹೇಳಿ ಹೇಳಿ ಸಾಕಾಯ್ತು. ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಕಲಸಿ ಸುರೀತೀರಿ.”

ಅತ್ತಿಗೆಗೆ ಚುರುಕ್ಕೆಂದಿತು. ಇದು ನಾಟಕವಲ್ಲ, ತಮ್ಮ ಮನೆಯ ಅಡುಗೆಮನೆ. ‘ಬೇಕಾದ್ರೆ ಎದ್ದು ನೀನೇ ಮಾಡ್ಕೋ’ ಎಂಬ ಮಾತು ಗಂಟಲಿಗೆ ಬಂತು. ಆದರೆ ಎದುರಿಗೆ ಜುಟ್ಟಿನವನು ಪೆನ್ನು ಹಿಡಿದು ಕೂತಿದ್ದ. ಅವಳು ಬಸ್ ನಿಲ್ದಾಣದ ಕಿಟಕಿಯಲ್ಲಿ ಕೂತಾಗಿನ ದನಿಯಲ್ಲಿ ಕೇಳಿದಳು: “ಮೊದಲೂ ಹೇಳಿದ್ರಾ ನೀವು?”

“ಎಷ್ಟೋ ಸಲ.”

“ಹಾಗಾದ್ರೆ ನಾನೇ ಸರಿಯಾಗಿ ಕೇಳಿಸ್ಕೊಂಡಿಲ್ಲ. ತಪ್ಪು ನನ್ನದು. ನಿಮಗೆ ಬೇರೇನೇ ಮಾಡ್ತೀನಿ.”

ನಾದಿನಿ ತಬ್ಬಿಬ್ಬಾದಳು. ಅತ್ತಿಗೆಯ ಬಾಯಲ್ಲಿ ಇಂಥ ಮಾತು ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಕೈಯಲ್ಲಿನ ಲೋಟ ಮೆಲ್ಲಗೆ ಸೊಟ್ಟಗಾಗುತ್ತಿತ್ತು. “ಕಾಫಿ ಒಂದೇ ಅಲ್ಲ” ಎಂದಳು ದನಿ ತಗ್ಗಿಸಿ. “ನಾನು ಬಂದು ಕೂತ್ರೆ, ಇವಳು ಯಾವಾಗ ಜಾಗ ಖಾಲಿ ಮಾಡ್ತಾಳೋ ಅನ್ನೋ ಹಾಗೆ ನೋಡ್ತೀರಿ.”

ಅತ್ತಿಗೆ ಹಾಗೆ ನೋಡಿದ್ದು ಹೌದು. “ನೋಡಿರಬಹುದು. ಆದರೆ ಕೂತ್ಕೊಳ್ಳೋಕೆ ನಿಮಗೆ ಹಕ್ಕಿದೆ” ಎಂದಳು.

“ಚೆನ್ನಾಗಿತ್ತು, ಚೆನ್ನಾಗಿತ್ತು!” ಎಂದ ಮ್ಯಾನೇಜರ್. “ಎಷ್ಟು ಸಹಜವಾಗಿ ಮಾಡಿದ್ರಿ! ಈಗ ಅದಲುಬದಲು. ಇವರು ಗಿರಾಕಿ.”

ಅತ್ತಿಗೆ ಲೋಟ ಇಸಿದುಕೊಂಡಳು. ಈಗ ಅವಳೇನು ಬಿಡುತ್ತಾಳೆಯೇ? “ಈ ಮೇಜು ಯಾರೂ ಒರೆಸಿಲ್ಲ. ತಿಂದ ತಟ್ಟೆ ಇಲ್ಲೇ ಬಿದ್ದಿದೆ. ದಿನಾ ನಾನೇ ಒರೆಸಬೇಕು, ನಾನೇ ಎತ್ತಬೇಕು.”

“ಒಂದು ಮಾತು ಕೇಳಿದ್ರೆ ನಾನು ಎತ್ತುತ್ತಾ ಇರಲಿಲ್ವಾ?” ನಾದಿನಿ ಥಟ್ಟನೆ ಅಂದಳು. “ನೀವು ಕೇಳೋದೇ ಇಲ್ಲ. ಮುಖ ಊದಿಸ್ಕೊಂಡು ಎಲ್ಲ ನೀವೇ ಮಾಡ್ತೀರಿ, ಆಮೇಲೆ ಪಾತ್ರೆ ಎತ್ತಿ ಕುಕ್ತೀರಿ. ಬೀದಿಗೆಲ್ಲ ಕೇಳಿಸುತ್ತೆ!”

“ಮೇಡಂ, ಮೇಡಂ” ಎಂದ ಮ್ಯಾನೇಜರ್ ಗಾಬರಿಯಿಂದ, “ಗಿರಾಕಿಗೆ ಹಾಗೆಲ್ಲ ಹೇಳಬಾರದು.”

ಅತ್ತಿಗೆಗೆ ನಗು ಒತ್ತರಿಸಿ ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅವಳನ್ನು ನೋಡಿ ನಾದಿನಿಯೂ ಫೈಲನ್ನು ಮುಖಕ್ಕೆ ಅಡ್ಡ ಹಿಡಿದು ನಗತೊಡಗಿದಳು. ಜುಟ್ಟಿನವನು ಇಬ್ಬರ ಮುಖವನ್ನೂ ನೋಡಿದ. “ನೀವಿಬ್ರೂ ಗೊತ್ತಿರೋರಾ?”

“ನಮ್ಮ ಅತ್ತಿಗೆ” ಎಂದಳು ನಾದಿನಿ, ಕಣ್ಣೊರೆಸಿಕೊಳ್ಳುತ್ತ. “ಒಂದೇ ಮನೆ.”

“ಓ” ಎಂದವನು, ಫೋನ್ ಮಾಡುತ್ತೇನೆಂದು ಇಬ್ಬರನ್ನೂ ಕಳಿಸಿಕೊಟ್ಟ.

ಮಾರನೆಯ ದಿನ ಫೋನ್ ಬಂದಾಗ ಅತ್ತಿಗೆ ಬಟ್ಟೆ ಮಡಿಸುತ್ತಿದ್ದಳು, ನಾದಿನಿ ಎದುರಿಗೇ ಇದ್ದಳು. ಕೆಲಸ ಅತ್ತಿಗೆಗೆ ಸಿಕ್ಕಿತ್ತು. “ಯೋಚಿಸಿ ಹೇಳ್ತೀನಿ” ಎಂದು ಅವಳು ಫೋನಿಟ್ಟಳು. ನಾದಿನಿಯ ಮುಖದಲ್ಲಿ ರಕ್ತವಿರಲಿಲ್ಲ. ಮಹಡಿ ಹತ್ತಿ ಹೋದಳು. ಅತ್ತಿಗೆಯ ಕೈಯಲ್ಲಿದ್ದ ಟವೆಲು ಅರ್ಧ ಮಡಿಸಿದ ಹಾಗೇ ಉಳಿಯಿತು. ಸಿಕ್ಕಿತಲ್ಲ ಎಂಬ ಸಂತೋಷ ಇತ್ತು, ನಿಜ. ಆದರೆ ಅದನ್ನು ಅನುಭವಿಸಲು ಮನಸ್ಸು ಒಪ್ಪುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ನಾದಿನಿ ಇಳಿದುಬಂದಳು. ಅತ್ತು ಮುಖ ತೊಳೆದದ್ದು ಗೊತ್ತಾಗುತ್ತಿತ್ತು.

“ಬೇಡ ಅಂತ ಹೇಳ್ಬಿಡ್ಲಾ?” ಎಂದಳು ಅತ್ತಿಗೆ.

“ನೀವು ಬೇಡ ಅಂದ ಮಾತ್ರಕ್ಕೆ ನನ್ನನ್ನೇನು ಕರೀತಾರಾ? ಇನ್ಯಾರನ್ನೋ ತಗೋತಾರೆ. ಸುಮ್ಮನೆ ದೊಡ್ಡತನ ತೋರಿಸೋಕೆ ಹೋಗಬೇಡಿ, ಅತ್ತಿಗೆ” ಎಂದು ನಾದಿನಿ ಮಡಿಸದ ಬಟ್ಟೆಯ ರಾಶಿಗೆ ಕೈಹಾಕಿದಳು. “ನನಗೆ ಹೊಟ್ಟೆ ಉರೀತಿದೆ. ಅದು ಇರುತ್ತೆ, ಒಂದಷ್ಟು ದಿನ. ನೀವು ಹೋಗಿ.”

ರಾತ್ರಿ ಊಟಕ್ಕೆ ಕೂತಾಗ ವಿಷಯ ಹೊರಬಿತ್ತು. ಗಂಡ ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟ. “ನೀನು ಕಾಫಿ ಅಂಗಡಿಗಾ? ಮನೆ ಕಥೆ ಏನು?”

“ಯಾಕೆ, ಮನೆ ಓಡಿಹೋಗುತ್ತಾ?” ಎಂದದ್ದು ನಾದಿನಿ. “ಬೆಳಗಿಂದು ನಾನು ನೋಡ್ಕೋತೀನಿ. ನಿನ್ನ ತಟ್ಟೆ ನೀನೇ ತೊಳೀ, ಅಣ್ಣ.”

ಗಂಡ ಅಪ್ಪನ ಕಡೆ ನೋಡಿದ, ಏನಾದರೂ ಆಸರೆ ಸಿಕ್ಕೀತೇನೋ ಎಂದು. ಮಾವ ನಿಧಾನವಾಗಿ ಅಗಿದು ನುಂಗಿ, “ನಿಲ್ದಾಣದ ಎದುರಿಗೆ ಅಂದ್ರೆ ಊರವರೆಲ್ಲ ಬಂದುಹೋಗೋ ಜಾಗ. ಸುದ್ದಿ ಬೇಕಾದಷ್ಟು ಸಿಗುತ್ತೆ. ಹೋಗಮ್ಮ” ಎಂದರು.

ಮೊದಲ ವಾರ ಅತ್ತಿಗೆಯ ಕಾಲುಗಳು ಊದಿಕೊಂಡವು. ಮೆಷಿನ್ನು ಅವಳ ಮಾತು ಕೇಳಲಿಲ್ಲ, ಹಾಲು ಉಕ್ಕಿ ಕೌಂಟರೆಲ್ಲ ಹರಿಯಿತು. ಒಬ್ಬ ಗಿರಾಕಿಯಂತೂ ಮುಚ್ಚಳ ಸಡಿಲವಿದ್ದು ಅಂಗಿಯೆಲ್ಲ ಕಾಫಿಯಾಯಿತೆಂದು ಕಿರುಚಾಡಿದ. ಅವಳು ಒದ್ದೆ ಬಟ್ಟೆ ತಂದುಕೊಟ್ಟು, ಅವನ ಮಾತು ಮುಗಿಯುವವರೆಗೆ ಎದುರಿಗೇ ನಿಂತಳು, ಇನ್ನೊಂದು ಕಾಫಿ ಮಾಡಿಕೊಟ್ಟಳು. ಅವನು ಹೋದಮೇಲೆ ಹಾಲಿನ ಡಬ್ಬಗಳ ಹಿಂದೆ ಹೋಗಿ ಸ್ವಲ್ಪ ಅತ್ತಳು. ಮತ್ತೆ ಬಂದು ನಿಂತಳು.

ಮನೆಯಲ್ಲಿ ನಾದಿನಿ ಸೀಯಿಸಿಟ್ಟದ್ದನ್ನು ಮಾವ ಹೇಗೋ ತಿನ್ನುತ್ತಿದ್ದರು, ಗೊಣಗಾಟ ಮಾತ್ರ ಬೀದಿಯ ಕೊನೆಯವರೆಗೂ ಹೋಗಿತ್ತು. ಹಾಗೆ ಗೊಣಗುತ್ತ ತಿರುಗಾಡುವಾಗಲೇ ಅವರಿಗೆ, ಮೂಲೆಯ ಕನ್ನಡಕದ ಅಂಗಡಿಯಲ್ಲಿ ಆಳು ಬೇಕಂತೆ ಎಂಬ ಸುದ್ದಿ ಸಿಕ್ಕಿತು. ನಾದಿನಿ ಈ ಸಲ ಯಾರಿಗೂ ಸುಳ್ಳು ಹೇಳದೆ ಹೋದಳು. ಮೊದಲ ದಿನವೇ ಒಬ್ಬ ಹೆಂಗಸಿಗೆ, “ಇದು ನಿಮ್ಮ ಮುಖಕ್ಕೆ ಒಂದಿಷ್ಟೂ ಒಪ್ಪಲ್ಲ, ತೆಗೀರಿ” ಎಂದಳಂತೆ. ಆ ಹೆಂಗಸು ಕನ್ನಡಿ ನೋಡಿಕೊಂಡು, ಹೌದೆಂದು ಒಪ್ಪಿ, ಅವಳು ಆರಿಸಿಕೊಟ್ಟದ್ದನ್ನೇ ಕೊಂಡುಹೋದಳು. ಅಂಗಡಿಯ ಯಜಮಾನನಿಗೆ ಅಷ್ಟು ಸಾಕಾಯಿತು.

ಈಗ ಬೆಳಗಾದರೆ ಬಚ್ಚಲುಮನೆಯ ಬಾಗಿಲಿನ ಮುಂದೆ ಇಬ್ಬರದೂ ಜಗಳ, ಯಾರು ಮೊದಲು ಎಂದು. ಗಂಡ ಒಲೆಯ ಮುಂದೆ ನಿಂತು ಬ್ರೆಡ್ಡು ತಿರುವಿಹಾಕುತ್ತ, ಇನ್ನೊಂದು ಬಚ್ಚಲು ಕಟ್ಟಿಸೋಣ, ಕಟ್ಟಿಸೋಣ ಎನ್ನುತ್ತಿರುತ್ತಾನೆ.