ಪ್ರಸಾದದ ಲೆಕ್ಕ

ನನ್ನ ಅಣ್ಣ ಅಕ್ಷಯ್ ಪೈಲಟ್. ಡ್ಯೂಟಿಯ ಹಿಂದಿನ ದಿನ ಮದುವೆಮನೆಯಲ್ಲೂ ಬಿಯರ್ ಮುಟ್ಟದವನು. "ನನ್ನ ಕೈಯಲ್ಲಿ ಜೀವ ಉಂಟು ಮಾರಾಯ್ತಿ, ನಿನ್ನ ಆಫೀಸಿನ ಫೈಲ್ ಅಲ್ಲ" ಎಂದು ನನ್ನನ್ನು ಚುಚ್ಚುತ್ತಿದ್ದ. ಅಂಥವನೇ ಸಿಕ್ಕಿಬಿದ್ದನೆಂದರೆ ಯಾರನ್ನು ಬೈಯಲಿ? ಬೈಯಬೇಕಾದವರು ಮನೆಯಲ್ಲೇ ಇದ್ದಾರೆ.

ಅವನು ಕ್ಯಾಪ್ಟನ್ ಆಗಲಿ ಎಂದು ಅಮ್ಮ ಊರಿನ ದೈವ ಕೊರಗಜ್ಜನಿಗೆ ಹರಕೆ ಹೇಳಿಕೊಂಡಿದ್ದಳು. ಅದನ್ನು ತೀರಿಸಲು ಊರಿಗೆ ಹೋಗೋಣವೆಂದರೆ ಅಪ್ಪನಿಗೆ ರಜೆ ಸಿಗಲಿಲ್ಲ. ಇಲ್ಲಿ ಗಲ್ಫಿನಲ್ಲಿ, ಸಹಮ್‌ನ ನಮ್ಮ ಬಾಡಿಗೆ ಮನೆಯ ಹಿತ್ತಿಲಿನಲ್ಲೇ ಚಕ್ಕುಲಿ, ವೀಳ್ಯದೆಲೆ, ಶರಾಬು ಇಟ್ಟು ಕೈಮುಗಿದದ್ದಾಯಿತು. ಇಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಾಟಲಿ ಇಡುವ ಹಾಗಿಲ್ಲ. ಅಪ್ಪನಿಗೆ ಪರವಾನಗಿ ಇಲ್ಲ, ಎಲ್ಲಿಂದ ತಂದರೆಂದು ನಾವು ಕೇಳಲೂ ಇಲ್ಲ. ದೈವದ ಕೆಲಸಕ್ಕೆ ಕಾನೂನು ಅಡ್ಡ ಬಾರದು ಎಂಬ ಭಂಡ ಧೈರ್ಯ.

ಕೊರಗಜ್ಜನಿಗೆ ಬಡಿಸಿದ್ದನ್ನು ಚೆಲ್ಲಬಾರದು, ಹೊರಗೆ ಒಯ್ಯಲೂಬಾರದು. ಅಪ್ಪನಿಗೆ ಸಕ್ಕರೆ ಕಾಯಿಲೆ. ಅಪ್ಪ, ಮಗ ಇಬ್ಬರ ಪಾಲನ್ನೂ ಅಮ್ಮ ಅಣ್ಣನ ಲೋಟಕ್ಕೇ ಸುರಿದಳು. ಅವನು ಕಣ್ಣಿಗೊತ್ತಿಕೊಂಡು ಕುಡಿದ. ಅದೇ ಸಂಜೆ ಅವನ ಡ್ಯೂಟಿ ಇತ್ತು. ಬಿಯರ್‌ಗೆ ಲೆಕ್ಕ ಇಡುವವನು ಪ್ರಸಾದಕ್ಕೆ ಲೆಕ್ಕ ಇಡಲಿಲ್ಲ. ನಮ್ಮಲ್ಲಿ ಯಾರಿಗೂ ಅದು ಹೊಳೆಯಲೇ ಇಲ್ಲ.

ವಿಮಾನ ನಿಲ್ದಾಣದಲ್ಲಿ ಪೊಲೀಸರು ಸಿಬ್ಬಂದಿಯನ್ನೆಲ್ಲ ನಿಲ್ಲಿಸಿ ಯಂತ್ರಕ್ಕೆ ಊದಿಸುತ್ತಿದ್ದರಂತೆ. ಅಣ್ಣ ನಗುನಗುತ್ತಲೇ ಊದಿದ. ಯಂತ್ರ ಕೂಗಿತು. ಬಾಯಿ ಮುಕ್ಕಳಿಸಲು ಹೇಳಿ, ಸ್ವಲ್ಪ ಹೊತ್ತು ಕಾಯಿಸಿ, ಮತ್ತೆ ಊದಿಸಿದರು. ಮತ್ತೆ ಕೂಗಿತು. ಆಮೇಲೆ ರಕ್ತ ತೆಗೆದರು.

ಅಪ್ಪನೂ ನಾನೂ ಠಾಣೆಗೆ ಓಡಿದೆವು. ಅಧಿಕಾರಿ ಕೆಟ್ಟವನೇನಲ್ಲ. ಎಲ್ಲಿ ಕುಡಿದದ್ದು, ಯಾರು ಕೊಟ್ಟರು ಎಂದು ಹಿಂದಿಯಲ್ಲಿ ಮೆಲ್ಲಗೇ ಕೇಳಿದ. ಅಪ್ಪ ಬೆವರುತ್ತಾ ತುಳುವಿನಲ್ಲಿ ಗೊಣಗಿದರು, ಮನೆಯಲ್ಲಿ ಎಂದರೆ ನನ್ನ ವೀಸಾ ಖಲಾಸ್ ಎಂದು. ಅಣ್ಣ ಅವರನ್ನೊಮ್ಮೆ ನೋಡಿದ.

"ಹೋಟೆಲಿನಲ್ಲಿ. ಒಬ್ಬನೇ ಕುಡಿದೆ" ಎಂದ.

ನಿಜ ಹೇಳಿದ್ದರೂ ಬಿಡುತ್ತಿರಲಿಲ್ಲ. ಅಷ್ಟು ಜನರನ್ನು ಹೊತ್ತು ಹಾರುವವನನ್ನು ಬಿಡಲೂಬಾರದು, ಅದು ನನಗೂ ಗೊತ್ತು. ಆದರೆ ತಿಳಿಯದೆ ಮಾಡಿದ ತಪ್ಪು ಬೇರೆ, ಬೇಕೆಂದೇ ಕುಡಿದು ಬರುವ ಉಡಾಫೆ ಬೇರೆ. ಅಪ್ಪನನ್ನು ಉಳಿಸಲು ಅವನು ಉಡಾಫೆಯವನೆನಿಸಿಕೊಂಡ. ಲೈಸೆನ್ಸ್ ಹೋಯಿತು, ಕೆಲಸವೂ ಹೋಯಿತು. ಕೇಸು ಇನ್ನೂ ನಡೆಯುತ್ತಿದೆ.

ಜಾಮೀನಿನ ಮೇಲೆ ಮನೆಗೆ ಬಂದವನ ಮುಂದೆ ಅಮ್ಮ ಗಂಜಿ ಇಟ್ಟಳು. ನನಗೆ ತಡೆಯಲಾಗಲಿಲ್ಲ.

"ನೀನು ಸುರಿದ ಶರಾಬೇ ಅಮ್ಮಾ ಅದು!"

"ಬಿಡ್ತು ಅನ್ನು!" ಅಮ್ಮ ಸಿಡಿದಳು. "ಅಜ್ಜನ ಪ್ರಸಾದ ಎಲ್ಲಿಯಾದ್ರೂ ಮೆಷಿನಿನಲ್ಲಿ ಬರ್ತದಾ?" ಮತ್ತೆ ಅಣ್ಣನ ಗಲ್ಲ ಹಿಡಿದು ಅಳತೊಡಗಿದಳು. "ಸತ್ಯ ಹೇಳು ಮಗಾ, ಎಲ್ಲಿ ಕುಡ್ದದ್ದು ನೀನು?"

ಅಪ್ಪ ತಲೆ ಎತ್ತಲಿಲ್ಲ. ಅಣ್ಣ ಗಂಜಿಯನ್ನು ಕಲಕುತ್ತಾ ಕೂತ.

"ಹೋಟೆಲಿನಲ್ಲಿ ಅಮ್ಮಾ."

ಅಮ್ಮ ಕಣ್ಣೊರೆಸಿಕೊಂಡಳು. ಗೆದ್ದವಳಂತೆ ನನ್ನತ್ತ ನೋಡಿ, ಊರಿನಲ್ಲಿರುವ ತನ್ನ ತಂಗಿ ರತ್ನಪ್ರಭಾಗೆ ಫೋನ್ ಹಚ್ಚಿದಳು.

"ಕುಡಿತ ಬಿಡಿಸುವ ಡಾಕ್ಟ್ರು ಅಲ್ಲಿ ಯಾರಾದ್ರೂ ಇದ್ದಾರಾ ನೋಡು ಮಾರಾಯ್ತಿ. ನಮ್ಮ ಅಕ್ಷಯ್‌ಗೆ."