ತೀರಿಕೊಂಡವರ ಫೋನ್ ನಂಬರ್

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲಿನ ಪಾಸ್‌ವರ್ಡ್ ಹುಡುಕಿದರಂತೆ. ಗಾದೆ ಸೊಟ್ಟಗಿದ್ದರೂ ಕಥೆ ನೆಟ್ಟಗಿದೆ; ನಡೆದದ್ದನ್ನೇ ಹೇಳುತ್ತೇನೆ.

ನನ್ನ ಸೋದರಮಾವ ಫೋಟೊ ಸ್ಟುಡಿಯೊದವರು. ಮಗಳ ಮೊದಲ ಹಲ್ಲಿನಿಂದ ಮೊಮ್ಮಗಳ ಮೊದಲ ಹಲ್ಲಿನವರೆಗೆ ಮನೆಯ ಚಿತ್ರಗಳೆಲ್ಲ ಅವರ ಆನ್‌ಲೈನ್ ಖಾತೆಯಲ್ಲಿದ್ದವು. ಅದರ ಕೀಲಿ ಅವರ ತಲೆಯಲ್ಲಿತ್ತು. ಎದುರಂಗಡಿಯ ಟೈಲರ್ ಹೀಗೇ ಕೀಲಿಯನ್ನು ತಲೆಯಲ್ಲಿಟ್ಟುಕೊಂಡು ತೀರಿಕೊಂಡಾಗ ಅವರ ಹೆಂಡತಿಗೆ ಒಂದು ಚಿತ್ರವೂ ದಕ್ಕಲಿಲ್ಲ. ಅಂದಿನಿಂದ ಅತ್ತೆಗೆ ಅದೇ ಚಿಂತೆ. ಮಾವ ಮಾತ್ರ ಜಾರಿಕೊಳ್ಳುತ್ತಿದ್ದರು. ದಿನವಿಡೀ ಗಿರಾಕಿಗಳಿಗೆ ‘ಕಣ್ಣು ಮುಚ್ಚಬೇಡಿ’ ಎನ್ನುವವರು, ತಾವು ಕಣ್ಣು ಮುಚ್ಚುವ ಮಾತೆತ್ತಿದರೆ ಲೆನ್ಸ್ ಒರೆಸಲು ಕೂರುತ್ತಿದ್ದರು.

ಕೊನೆಗೆ ಅತ್ತೆಯ ವರಾತಕ್ಕೆ ಸೋತು, ತಮ್ಮ ನಂತರ ಖಾತೆ ಅವರಿಗೇ ಸಿಗುವಂತೆ ಮಾಡಿದ್ದೇನೆಂದು ಬೀಗುತ್ತ ಸ್ಟುಡಿಯೊದಲ್ಲಿ ನನಗೆ ತೋರಿಸಿದರು. ವಾರಸುದಾರರ ಜಾಗದಲ್ಲಿ ಅತ್ತೆಯ ಹೆಸರಿತ್ತು. ಸುದ್ದಿ ಮುಟ್ಟಬೇಕಾದ ನಂಬರ್ ಮಾತ್ರ ಮಾವನದೇ. ಗ್ಯಾಸಿಗೂ ಕರೆಂಟಿಗೂ ಅತ್ತೆ ಕನ್ನಡಕ ಮಾಡಿಸಿದ ಅಂಗಡಿಗೂ ತಮ್ಮ ನಂಬರನ್ನೇ ಕೊಟ್ಟು ಕೊಟ್ಟು ಬೆರಳಿಗೆ ಅದೇ ರೂಢಿಯಾಗಿತ್ತು. ಅಂದರೆ ಮಾವ ಸತ್ತರೆ ಮೊದಲು ತಿಳಿಯುವುದು ಮಾವನಿಗೆ!

ಹೊರಬಂದೆ. ಪಕ್ಕದ ಕಟಿಂಗ್ ಶಾಪಿನವರ ಫೋನ್ ಇಸಿದುಕೊಂಡು, ಮೂಗು ಹಿಡಿದು, ಕಚೇರಿಯ ದನಿ ತೆಗೆದೆ. ಮಾವ ಸದಾ ಸ್ಪೀಕರ್ ಹಾಕಿಯೇ ಮಾತಾಡುವವರು. ಪಕ್ಕದಲ್ಲೇ ಕೂತಿದ್ದ ಅತ್ತೆ ಕೆಮ್ಮಿದ್ದೂ ಕೇಳಿಸಿತು.

“ಖಾತೆದಾರರು ತೀರಿಕೊಂಡಿದ್ದಾರೆ. ವಾರಸುದಾರರು ನೀವೇನಾ?”

“ಯಾರ್ರೀ ತೀರಿಕೊಂಡಿದ್ದು?”

ಸ್ಟುಡಿಯೊದ ವಿಳಾಸ ಒಪ್ಪಿಸಿದೆ.

“ಅದು ನಾನೇ ಕಣ್ರೀ. ಬದುಕಿದೀನಿ.”

ತೀರಿಕೊಂಡವರೇ ಫೋನ್ ಎತ್ತಿದ್ದು ನಮ್ಮ ಕಚೇರಿಯಲ್ಲಿ ಇದೇ ಮೊದಲೆಂದು ಸಂತಾಪ ಸೂಚಿಸಿ, ಇದು ಸತ್ತವರು ಕೊಟ್ಟ ವಾರಸುದಾರರ ನಂಬರೆಂದು ತಿಳಿಸಿದೆ.  ಆ ಕಡೆಯಿಂದ ಅತ್ತೆಯ ದನಿ:

“ರೀ, ಸುದ್ದಿ ಬಂದ ಮೇಲೆ ನೀವೇ ಎದ್ದು ಬಂದು ನನಗೆ ಹೇಳ್ತೀರೋ ಹೇಗೆ?”

ನಾನು ನಗು ತಡೆಯಲಾರದೆ ಒಳಗೆ ಹೋದೆ. ಮೂಗು ಇನ್ನೂ ಬೆರಳ ನಡುವೆಯೇ ಇತ್ತು. ಮಾವ ದುರುಗುಟ್ಟಿಕೊಂಡು ನೋಡಿದರು. “ಯಾವಾಗ ಸೇರಿದೆಯೋ ಯಮನ ಆಫೀಸಿಗೆ?” ಎಂದು ಗದರಿ, ಅತ್ತೆಯ ನಂಬರೇನೆಂದು ಅತ್ತೆಯನ್ನೇ ಕೇಳಿದರು. ಇಷ್ಟು ವರ್ಷ ಸಂಸಾರ ಮಾಡಿಯೂ ಬಾಯಿಗೆ ಬರುತ್ತಿರಲಿಲ್ಲ. ಅತ್ತೆ ಒಂದೊಂದೇ ಅಂಕಿ ಹೇಳಿದರು, ಮಾವ ಒತ್ತಿದರು, ಅತ್ತೆಯ ಫೋನ್ ಟಿಣ್ ಎಂದಿತು. ಅವರು ಸಂದೇಶವನ್ನು ಎರಡು ಸಲ ಓದಿ, ನೆಮ್ಮದಿಯಿಂದ ಉಸಿರುಬಿಟ್ಟರು.

“ಸರಿ ಬಿಡಿ. ಇನ್ನು ನಿಧಾನಕ್ಕೆ ಹೋಗಿ, ಅವಸರವೇನಿಲ್ಲ.”

ನಾನು ನಕ್ಕೆ, ಅತ್ತೆಯೂ ನಕ್ಕರು. ಆದರೆ ಟ್ರೈಪಾಡ್ ಹಿಡಿದುಕೊಂಡು ಮಾವ ನಕ್ಕ ನಗೆಗೆ, ಕಟಿಂಗ್ ಶಾಪಿನವರು ಅರ್ಧ ಗಡ್ಡದ ಗಿರಾಕಿಯನ್ನು ಹಾಗೇ ಬಿಟ್ಟು ಓಡಿಬಂದರು.