ಸಂಗವ್ವನ ಉಡಿ

ಸುಲಭಾಳಿಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಇಂಥವಳು ಮನೋರೋಗಿಗಳ ಮಾತು ಕೇಳುವ ತರಬೇತಿಗೆ ಸೇರಿದ್ದೇ ಸೋಜಿಗ. ಅರವತ್ಮೂರನೇ ಇಸವಿ, ಧಾರವಾಡದ ಒಂದು ಆಸ್ಪತ್ರೆ. ಹಿರಿಯ ಡಾಕ್ಟರ್ ಗುರುಸಿದ್ದಯ್ಯನವರ ಕಣ್ಣೆದುರು ತನಗೆ ಒಪ್ಪಿಸಿದ ರೋಗಿಗಳನ್ನೆಲ್ಲ ಗುಣಪಡಿಸಿ ಕಳಿಸಿದರೆ ಅವಳು ಸ್ವತಂತ್ರವಾಗಿ ಚಿಕಿತ್ಸೆ ಮಾಡಬಹುದು. ಹುಬ್ಬಳ್ಳಿಯಲ್ಲಿ ಕೆಲಸವೂ ಕಾದಿತ್ತು. ಉಳಿದವಳು ಸಂಗವ್ವ ಒಬ್ಬಳೇ. ಅವಳು ಗುಣವಾಗಿ ಮನೆಗೆ ಹೋದರೆ ಡಾಕ್ಟರು ತರಬೇತಿ ಪತ್ರಕ್ಕೆ ಸಹಿ ಹಾಕುತ್ತಾರೆ.

ಬಾವಿಗೆ ಹಾರಿದವಳೆಂದು ಸಂಗವ್ವನನ್ನು ಗಂಡ ತಂದು ಬಿಟ್ಟಿದ್ದ. ಆಗ ಮಾತಿರಲಿಲ್ಲ. ಈಗ ಉಣ್ಣುತ್ತಿದ್ದಳು, ತಲೆ ಬಾಚಿಕೊಳ್ಳುತ್ತಿದ್ದಳು.

"ಮನಿ ನೆನಪಾಗತೈತೇನು ಸಂಗವ್ವಾ?"

"ಹೂಂನ್ರಿ."

"ಗಂಡ ಛಲೋ ನೋಡ್ಕೋತಾನಲ್ಲಾ?"

"ಹೂಂನ್ರಿ."

ಸುಲಭಾಳಿಗೆ ಅಷ್ಟು ಸಾಕಾಯಿತು. ಹುಬ್ಬಳ್ಳಿ ಕಣ್ಣಮುಂದೆ ಕುಣಿಯುತ್ತಿರುವಾಗ ಕೆದಕಿ ಕೇಳುವ ವ್ಯವಧಾನ ಎಲ್ಲಿಂದ ಬರಬೇಕು?

ಹೊರಡುವ ದಿನ ಗಂಡ ಟಾಂಗಾ ತಂದು ಗೇಟಿನಲ್ಲಿ ನಿಂತ. ಸುಲಭಾ ಪೇಟೆಯಿಂದ ಒಂದು ಕುಪ್ಪಸದ ಖಣ ತಂದಿದ್ದಳು. ತವರಿನವರು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಾಡುವ ಹಾಗೆ ಉಡಿ ತುಂಬಿ ಕಳಿಸೋಣ ಎಂದುಕೊಂಡಳು. ಯಾವ ಪುಸ್ತಕದಲ್ಲೂ ಇಲ್ಲದ ಚಿಕಿತ್ಸೆ ಇದು; ಈ ಸೀಮೆಯ ಹೆಣ್ಣಿಗೆ ಮಾತ್ರ ಹೊಳೆಯುವಂಥದು.

ಸಂಗವ್ವ ರೂಢಿಯಂತೆ ಸೆರಗು ಒಡ್ಡಿದಳು. ಖಣ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು. ಅಕ್ಕಿ ಬೀಳುತ್ತಲೇ ಅವಳು ಸೆರಗು ಕೈಬಿಟ್ಟಳು; ಎಲ್ಲ ನೆಲದ ಪಾಲಾಯಿತು.

"ಬ್ಯಾಡ್ರೀ ಅಕ್ಕಾರ! ಉಡಿ ತುಂಬಿದ್ರ ನಾ ಹೋಗಾಕಬೇಕು. ಅಂವಾ ನನ್ನ ಬಾವ್ಯಾಗ ನೂಕ್ಯಾನ್ರೀ. ಹುಚ್ಚು ಹಿಡದು ಹಾರ್ಯಾಳ ಅಂತ ಊರಿಗೆಲ್ಲಾ ಹೇಳ್ಯಾನ."

ಹೂಂ ಎನ್ನಿಸಿಕೊಳ್ಳುವ ಪ್ರಶ್ನೆಗಳನ್ನೇ ಕೇಳುತ್ತ ಬಂದಿದ್ದ ತನ್ನ ಮೇಲೆ ಸುಲಭಾಳಿಗೆ ಕೆಟ್ಟ ಸಿಟ್ಟು ಬಂತು.

ಬಾಗಿಲಲ್ಲಿ ನಿಂತಿದ್ದ ಡಾಕ್ಟರು ಎಲ್ಲ ಕೇಳಿಸಿಕೊಂಡಿದ್ದರು.

"ಕಳಿಸೂದು ಬಿಡೂದು ನೀವ ಹೇಳಬೇಕ್ರಿ. ಈಕಿ ಉಳದ್ರ ನಿಮ್ಮ ತರಬೇತಿ ಮುಗಿಯಂಗಿಲ್ಲ. ಹುಬ್ಬಳ್ಳಿಯವರೂ ಕಾಯಂಗಿಲ್ಲ."

ಹೊರಗಿನಿಂದ ಗಂಡ ಕೂಗಿದ: "ಲಗೂ ಕಳಸ್ರೀ, ಹೊತ್ತಾತು!"

ಆ ದನಿಗೆ ಸಂಗವ್ವ ಗೋಡೆಗೆ ಅಂಟಿಕೊಂಡಳು. ಹುಬ್ಬಳ್ಳಿಯ ಕೆಲಸ ಕೈತಪ್ಪಿತೆಂಬ ಸಂಕಟದಲ್ಲೇ ಸುಲಭಾ ಹೇಳಿದಳು:

"ಟಾಂಗಾ ಹೊಳ್ಳಿ ಕಳಸ್ರಿ ಸರ್. ಈಕಿ ಇನ್ನೂ ಹೇಳೂದೈತಿ, ನಾ ಇನ್ನೂ ಕೇಳೂದೈತಿ."

ಡಾಕ್ಟರು ಗೇಟಿನ ಕಡೆ ನಡೆದರು. ಟಾಂಗಾ ತಿರುಗಿದ ಸದ್ದು ಪೂರಾ ಅಡಗುವವರೆಗೆ ಸಂಗವ್ವ ಗೋಡೆ ಬಿಟ್ಟು ಸರಿಯಲಿಲ್ಲ. ಆಮೇಲೆ ಹೇಳಿದಳು:

"ಬಾಗಲಾ ಹಾಕ್ರಿ ಅಕ್ಕಾರ. ಹೇಳತೇನಿ."